ಮುಚ್ಚಿದ ಮೇಲೂ ಓಡುತ್ತಿದ್ದ ಗಾಡಿ

ಅವ್ವ ಮೂರು ದಿನದಿಂದ ತುಳಸಿಕಟ್ಟೆಗೆ ದೀಪ ಇಟ್ಟಿರಲಿಲ್ಲ. ಶನಿವಾರ ಸಂಜೆ ಹುಬ್ಬಳ್ಳಿಯಿಂದ ಬೆಟಗೇರಿಯ ಮನೆಗೆ ಬಂದು ಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಕಾರಣ ಕೇಳಬೇಕಾಗಿ ಬರಲಿಲ್ಲ. ಪೆಟ್ರೋಲಿನ ಘಾಟು ಬಾಗಿಲಲ್ಲೇ ಎದುರಾಯಿತು. ತುಳಸಿಕಟ್ಟೆಯಿಂದ ನಾಲ್ಕು ಹೆಜ್ಜೆ ಆಚೆ, ತಗಡಿನ ಚಪ್ಪರದ ಕೆಳಗೆ ಅಪ್ಪನ ಯಮಹಾ ಆರ್‌ಎಕ್ಸ್ 100 ನಿಂತಿತ್ತು. ಅದರ ಕೆಳಗಿನ ಫರಸಿ ಕಲ್ಲಿನ ಮೇಲೆ ಅಂಗೈ ಅಗಲದ ಒದ್ದೆ.

‘ದೀಪ ಹಚ್ಚಿದರೆ ಮನೆಯೇ ಹೊತ್ತಿಕೊಂಡೀತು ಅನ್ನಿಸುತ್ತದೆ. ಇಲ್ಲ ಅದನ್ನು ರಿಪೇರಿ ಮಾಡಿಸಿ, ಇಲ್ಲ ಮಾರಿಬಿಡಿ’ ಎಂದು ಅವ್ವ ಅಡುಗೆಮನೆಯಿಂದಲೇ ಹೇಳಿದಳು. ಅವಳ ಭಯ ಸುಳ್ಳಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಚದುರಿ ಹೋಗುವುದಿಲ್ಲ, ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ, ಮೂಲೆಯಲ್ಲಿ ಕೂಡುತ್ತದೆ. ನಮ್ಮ ಹಿತ್ತಲಿನ ಇಳಿಜಾರು ಇರುವುದೇ ತುಳಸಿಕಟ್ಟೆಯ ಕಡೆಗೆ. ಮಣ್ಣಿನ ಹಣತೆ ಇಡುವ ಗೂಡು ನೆಲದಿಂದ ಒಂದು ಗೇಣು ಎತ್ತರದಲ್ಲಿದೆ. ಇದನ್ನು ನೆನೆದು ಆ ರಾತ್ರಿ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ. ಮಲಗುವ ಮೊದಲು ಗಾಡಿಯನ್ನು ತಳ್ಳಿಕೊಂಡು ಹೋಗಿ ಓಣಿಯ ಬಯಲಿನಲ್ಲಿ ನಿಲ್ಲಿಸಿ ಬಂದೆ.

ಮಾರುವ ಮಾತಿಗೆ ಅಪ್ಪ ಏನೂ ಹೇಳಲಿಲ್ಲ. ಅವರು 1991ರಲ್ಲಿ ಕೊಂಡ ಗಾಡಿ ಅದು. ಆಗ ಮುಳಗುಂದದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ದಿನವೂ ಎರೆಹೊಲಗಳ ನಡುವಿನ ದಾರಿಯಲ್ಲಿ ಹೋಗಿಬರಬೇಕು. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರ ತಿರುಗುತ್ತಿರಲಿಲ್ಲವಂತೆ. ಕೋಲಿನಿಂದ ಕೆರೆದು ಮತ್ತೆ ಹೊರಡಬೇಕು. ಈ ಮಾದರಿಯ ಗಾಡಿಗಳು ನಮ್ಮ ದೇಶದಲ್ಲಿ ತಯಾರಾದದ್ದು 1985ರಿಂದ 1996ರವರೆಗೆ ಮಾತ್ರ. ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಟೂ ಸ್ಟ್ರೋಕ್ ಬೈಕುಗಳ ಕಾಲ ಮುಗಿಯುತ್ತ ಬಂತು. ಈಗ ಅಪ್ಪನ ಮೊಣಕಾಲು ಕಿಕ್ ಹೊಡೆಯಲು ಒಪ್ಪುವುದಿಲ್ಲ. ವಾರಕ್ಕೊಮ್ಮೆ ನಾನು ಬಂದಾಗ ಓಡಿಸುತ್ತೇನೆ. ಉಳಿದ ಆರು ದಿನ ಅದು ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿಕೊಂಡು ಸುಮ್ಮನೆ ನಿಂತಿರುತ್ತದೆ.

ನಮ್ಮ ಓಣಿಯ ಮಿಸ್ತ್ರಿ ಎರಡು ತಿಂಗಳಲ್ಲಿ ಎರಡು ಸಲ ಕಾಕ್, ಅಂದರೆ ಟ್ಯಾಂಕಿನ ತಳದಲ್ಲಿ ಪೆಟ್ರೋಲ್ ಬಿಡುವ, ತಡೆಯುವ ನಲ್ಲಿಯನ್ನು ಬಿಗಿ ಮಾಡಿ ಕೊಟ್ಟಿದ್ದ. ಒಂದು ರೂಪಾಯಿಯನ್ನೂ ತೆಗೆದುಕೊಂಡಿರಲಿಲ್ಲ. ಬಿಗಿ ಮಾಡಿದ ಮೇಲೆ ಒಂದು ವಾರ ಒಣಗಿರುತ್ತಿತ್ತು, ಆಮೇಲೆ ಮೊದಲಿಗಿಂತ ಜಾಸ್ತಿ ಸೋರುತ್ತಿತ್ತು. ಈ ‘ಮೊದಲಿಗಿಂತ ಜಾಸ್ತಿ’ ಎಂಬುದೇ ನನ್ನನ್ನು ಯೋಚನೆಗೆ ಹಚ್ಚಿತು. ಬಿಗಿದರೆ ಕಡಿಮೆಯಾಗಬೇಕಾದ ಸೋರಿಕೆ ಹೆಚ್ಚುತ್ತಿದೆ ಎಂದರೆ, ಕೆಡುತ್ತಿರುವುದು ಬಿಗಿತದಿಂದಲೇ ಇರಬಹುದಲ್ಲ? ಈ ಸಲ ನಾನೇ ಬಿಚ್ಚಿ ನೋಡುತ್ತೇನೆ ಎಂದೆ. ಅಪ್ಪ ಕಟ್ಟೆಯ ಮೇಲೆ ಕುಳಿತು, ‘ನೋಡವ್ವಾ, ಅವಸರ ಮಾಡಬೇಡ’ ಎಂದರು.

ಮೊದಲು ಸೋರಿಕೆ ಎಷ್ಟು ಎಂದು ಅಳೆಯಬೇಕೆನಿಸಿತು. ಕೆಮ್ಮಿನ ಔಷಧಿಯ ಬಾಟಲಿಗೆ ಬರುವ ಅಳತೆಯ ಮುಚ್ಚಳವನ್ನು ಹನಿ ಬೀಳುವ ಜಾಗದಲ್ಲಿಟ್ಟೆ. ಒಂದು ಗಂಟೆಯಲ್ಲಿ ಹತ್ತು ಮಿಲಿಲೀಟರಿನ ಗೆರೆ ಮುಟ್ಟಿತು. ಆವಿಯಾಗಿ ಹೋದದ್ದು ಬೇರೆ. ಹನಿ ನೋಡಲು ಜೋಳದ ಕಾಳಿಗಿಂತ ದೊಡ್ಡದಲ್ಲ, ಆದರೆ ಲೆಕ್ಕ ಹಾಕಿದರೆ ದಿನಕ್ಕೆ ಹೆಚ್ಚುಕಡಿಮೆ ಕಾಲು ಲೀಟರ್. ಮೂರು ದಿನ ನಮ್ಮ ಹಿತ್ತಲು ಅಷ್ಟನ್ನು ಕುಡಿದಿತ್ತು.

ಎಲ್ಲಿಂದ ಸೋರುತ್ತಿದೆ ಎಂಬುದು ಅಷ್ಟು ಸುಲಭವಾಗಿ ಸಿಗಲಿಲ್ಲ. ಹನಿ ಬೀಳುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಪೆಟ್ರೋಲ್ ಎಷ್ಟು ತೆಳು ಎಂದರೆ ಲೋಹದ ಮೈಗೆ ಅಂಟಿಕೊಂಡೇ ಸುತ್ತು ಹಾಕಿ, ಎಲ್ಲಕ್ಕಿಂತ ಕೆಳಗಿನ ತುದಿಗೆ ಬಂದು ತೊಟ್ಟಿಕ್ಕುತ್ತದೆ. ನಾನು ಪೈಪಿನ ತುದಿಯನ್ನೇ ಅನುಮಾನಿಸಿ ಅರ್ಧ ಗಂಟೆ ಕಳೆದಿದ್ದೆ. ಆಗ ಅಪ್ಪ ಒಳಗಿನಿಂದ ಒಂದು ಸೀಮೆಸುಣ್ಣದ ತುಂಡು ತರಿಸಿದರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರ ಮೇಜಿನ ಖಾನೆಯಲ್ಲಿ ಸೀಮೆಸುಣ್ಣ ಮುಗಿದಿಲ್ಲ. ‘ಪೂರ್ತಿ ಒರೆಸು. ಒಣಗಿದ ಮೇಲೆ ಇದನ್ನು ಪುಡಿ ಮಾಡಿ ಸುತ್ತಲೂ ಹಚ್ಚು. ಎಲ್ಲಿ ಮೊದಲು ಬಣ್ಣ ತಿರುಗುತ್ತದೆಯೋ ಅಲ್ಲಿಯೇ ಕಳ್ಳ ಇದ್ದಾನೆ’ ಎಂದರು.

ಬಟ್ಟೆಯಿಂದ ಒರೆಸಿ, ಬೆರಳಿನಿಂದ ಬಿಳಿ ಪುಡಿ ಸವರಿ, ಮೊಣಕಾಲೂರಿ ಕುಳಿತೆ. ಕಾಕ್‌ನ ಮೈ ವಿಭೂತಿ ಬಳಿದಂತೆ ಬೆಳ್ಳಗಾಗಿತ್ತು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಟ್ಯಾಂಕಿನ ತಳ ಮತ್ತು ಕಾಕ್ ಕೂಡುವ ಸಂದಿನಲ್ಲಿ, ಎರಡು ಸ್ಕ್ರೂಗಳ ಸರಿಯಾದ ನಡುವೆ, ಕೂದಲೆಳೆಯಷ್ಟು ಬೂದು ಗೆರೆ ಮೂಡಿತು. ನೋಡನೋಡುತ್ತಿದ್ದಂತೆ ಅದು ಅಗಲವಾಗಿ, ಕೆಳಗಿಳಿದು, ಹಿಡಿಯ ಬದಿ ಬಳಸಿಕೊಂಡು ಪೈಪಿನ ಮೂತಿಗೆ ಬಂತು. ಅಲ್ಲಿ ತುಂಬಿಕೊಂಡು ಹನಿಯಾಯಿತು. ಅಲ್ಲಿಯವರೆಗೆ ನನ್ನ ಮಟ್ಟಿಗೆ ‘ಕಾಕ್ ಸೋರುತ್ತಿದೆ’ ಎಂಬುದು ಒಂದೇ ಮಾತಾಗಿತ್ತು. ಆ ಗೆರೆ ನೋಡಿದ ಮೇಲೆ ಅದಕ್ಕೆ ಒಂದು ವಿಳಾಸ ಸಿಕ್ಕಿತು.

ಇನ್ನೊಂದು ಕಳ್ಳನೂ ಇದ್ದ. ಅವನನ್ನು ಹಿಡಿಯಲು ಸೀಮೆಸುಣ್ಣ ಬೇಕಾಗಿರಲಿಲ್ಲ. ನನ್ನ ಬಾಲ್ಯದ ನೆನಪು ಸಾಕಾಗಿತ್ತು.

ನಾನು ಚಿಕ್ಕವಳಿದ್ದಾಗ ಅಪ್ಪ ಶಾಲೆಯಿಂದ ಬರುವುದು ಗಾಡಿಯ ಸದ್ದಿನಿಂದಲೇ ತಿಳಿಯುತ್ತಿತ್ತು. ಅವರು ಮನೆಯ ಬಾಗಿಲಿಗೆ ಬಂದು ಕಾಕ್ ಮುಚ್ಚುತ್ತಿರಲಿಲ್ಲ. ಸುಮಾರು ಅರ್ಧ ಕಿಲೋಮೀಟರ್ ಹಿಂದೆ, ಹಿಟ್ಟಿನ ಗಿರಣಿಯ ತಿರುವಿನಲ್ಲಿ, ಗಾಡಿ ಓಡುತ್ತಿರುವಾಗಲೇ ಎಡಗೈ ಕೆಳಗಿಳಿಸಿ ಹಿಡಿ ತಿರುಗಿಸಿಬಿಡುತ್ತಿದ್ದರು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲಿನಲ್ಲೇ ಗಾಡಿ ಮನೆಯವರೆಗೆ ಬರುತ್ತಿತ್ತು. ಬಟ್ಟಲು ಬರಿದಾಗುತ್ತ ಬಂದಂತೆ ಗಾಳಿಯ ಪ್ರಮಾಣ ಹೆಚ್ಚಿ ಎಂಜಿನ್ನಿನ ದನಿ ಒಂದು ಕ್ಷಣ ಏರುತ್ತಿತ್ತು, ಹಾಡು ಮೇಲಿನ ಸ್ವರಕ್ಕೆ ಹೋದ ಹಾಗೆ. ಮರುಕ್ಷಣ ಬಾಗಿಲ ಮುಂದೆ ಸುಮ್ಮನಾಗುತ್ತಿತ್ತು. ಪಕ್ಕದ ಮನೆಗಳ ಮಗ್ಗಗಳ ಲಟಪಟದ ನಡುವೆಯೂ ಆ ಏರುದನಿ ನನಗೆ ಬೇರೆಯಾಗಿ ಕೇಳುತ್ತಿತ್ತು. ಕೇಳಿದ ಕೂಡಲೇ ಪಾಟಿ ಬಿಟ್ಟು ಓಡುತ್ತಿದ್ದೆ. ಬಟ್ಟಲಿನಲ್ಲಿ ಪೆಟ್ರೋಲ್ ನಿಂತು ಹಳಸಿದರೆ ಜೆಟ್‌ಗಳೆಂಬ ಅದರ ಸಣ್ಣ ತೂತುಗಳಲ್ಲಿ ಅಂಟು ಕಟ್ಟುತ್ತದೆ, ಅದಕ್ಕಾಗಿ ಹೀಗೆ ಎಂದು ಅಪ್ಪ ಆಮೇಲೆ ಹೇಳಿದ್ದರು.

ಕಳೆದ ವರ್ಷ ನಾನೂ ಅದೇ ತಿರುವಿನಲ್ಲಿ ಕಾಕ್ ಮುಚ್ಚಿ ನೋಡಿದ್ದೆ. ಗಾಡಿ ಮನೆ ದಾಟಿತು, ಓಣಿ ದಾಟಿತು, ಎರಡು ಕಿಲೋಮೀಟರ್ ಸುತ್ತಿ ಬಂದರೂ ನಿಲ್ಲಲಿಲ್ಲ. ಕಾಕ್ ಮುಚ್ಚಿದೆ ಎಂದು ನಾವು ತಿಳಿದಿದ್ದೆವು, ಒಳಗೆ ಅದು ತೆರೆದೇ ಇತ್ತು. ಆಗ ಇದರ ಗಂಭೀರತೆ ನನಗೆ ಹೊಳೆಯಲಿಲ್ಲ. ಮುಚ್ಚದ ಕಾಕ್ ಇರುವ ಗಾಡಿಯಲ್ಲಿ ಇಡೀ ಟ್ಯಾಂಕಿನ ಪೆಟ್ರೋಲನ್ನು ತಡೆದು ನಿಲ್ಲಿಸಿರುವುದು ಕಾರ್ಬುರೇಟರಿನ ಬಟ್ಟಲು ತುಂಬಿದಾಗ ದಾರಿ ಮುಚ್ಚುವ ಫ್ಲೋಟ್ ಪಿನ್ ಒಂದೇ. ಅದರ ತುದಿಗೆ ಒಂದು ಕಸದ ಕಣ ಸಿಕ್ಕಿಕೊಂಡರೆ ಸಾಕು, ಪೆಟ್ರೋಲ್ ಉಕ್ಕಿ ನೆಲಕ್ಕಾದರೂ ಬೀಳುತ್ತದೆ, ಎಂಜಿನ್ನಿನ ಒಳಗಾದರೂ ಇಳಿಯುತ್ತದೆ. ಹೊರಗಿನ ಸೋರಿಕೆಗೆ ವಾಸನೆ ಇದೆ, ಕಲೆ ಇದೆ, ಬೈಯಲು ಅವ್ವ ಇದ್ದಾಳೆ. ಒಳಗಿನ ಸೋರಿಕೆಗೆ ಇದ್ಯಾವುದೂ ಇಲ್ಲ. ನನ್ನನ್ನು ಕೇಳಿದರೆ ಅದೇ ಹೆಚ್ಚು ಅಪಾಯದ್ದು.

ಭಾನುವಾರ ಬೆಳಿಗ್ಗೆ ಬಯಲಿನಲ್ಲೇ ಕೆಲಸಕ್ಕೆ ಕುಳಿತೆ. ಪಕ್ಕದಲ್ಲಿ ಒಂದು ಬಕೆಟ್ ಮರಳು. ಬೀಡಿ ಹಚ್ಚಿಕೊಂಡು ನೋಡಲು ಬಂದ ಒಬ್ಬ ಹಿರಿಯರನ್ನು ಅಪ್ಪ ಕೈಮುಗಿದು ದೂರ ಕಳಿಸಿದರು. ಕಾರ್ಬುರೇಟರಿನ ಕಡೆಯಿಂದ ಪೈಪ್ ಬಿಡಿಸಿ, ಅದರ ತುದಿಗೆ ಉದ್ದದ ಇನ್ನೊಂದು ಪೈಪ್ ಸಿಕ್ಕಿಸಿ, ಹಿಡಿಯನ್ನು ರಿಸರ್ವ್‌ಗೆ ತಿರುಗಿಸಿ, ಪೆಟ್ರೋಲನ್ನೆಲ್ಲ ಲೋಹದ ಡಬ್ಬಿಗೆ ಇಳಿಸಿದೆ. ಸೀಟು ತೆಗೆದು, ಹಿಂದಿನ ಬೋಲ್ಟ್ ಬಿಚ್ಚಿ, ಟ್ಯಾಂಕನ್ನು ಹಿಂದಕ್ಕೆ ಜಗ್ಗಿ ಎತ್ತಿ ಗೋಣಿಚೀಲದ ಮೇಲೆ ಬೋರಲು ಮಲಗಿಸಿದೆ.

ಸ್ಕ್ರೂ ಒಂದು ಬಂತು, ಇನ್ನೊಂದು ಬರಲೊಲ್ಲದು. ತಲೆಯ ಕಚ್ಚು ಸವೆದು ದುಂಡಗಾಗಿತ್ತು. ಇಕ್ಕಳದಿಂದ ಹಿಡಿದು ಸ್ವಲ್ಪಸ್ವಲ್ಪವೇ ತಿರುಗಿಸಿ ತೆಗೆದೆ. ಎರಡರ ಕೆಳಗೂ ಇರಬೇಕಾದ ಮೆತ್ತನೆಯ ವಾಷರ್ ಇರಲಿಲ್ಲ. ಯಾವಾಗಲೋ ಯಾರೋ ಕಬ್ಬಿಣದ್ದನ್ನು ಹಾಕಿದ್ದರು. ಸಂದಿನ ಸುತ್ತ ಮೂರು ಬಗೆಯ ಹಳೆಯ ಚಿಕಿತ್ಸೆಗಳ ಗುರುತುಗಳಿದ್ದವು: ಒಣಗಿದ ಎಂಸೀಲ್‌ನ ಚೂರು, ಉಬ್ಬಿ ಜೆಲ್ಲಿಯಂತಾದ ಸಿಲಿಕಾನ್ ಅಂಟು, ಅದರ ಕೆಳಗೆ ಬಟ್ಟೆ ಸಾಬೂನು. ಮೊದಲಿನ ಎರಡರ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಪೆಟ್ರೋಲ್ ಹತ್ತಿದ ಮೈಗೆ ಎಂಸೀಲ್ ಕಚ್ಚುವುದಿಲ್ಲ, ಸಾಮಾನ್ಯ ಸಿಲಿಕಾನ್ ಪೆಟ್ರೋಲ್ ಹೀರಿ ಉಬ್ಬಿ ಕಳಚುತ್ತದೆ. ಸಾಬೂನು ಮಾತ್ರ ಮರ್ಯಾದೆಯ ವಸ್ತು. ಅದು ನೀರಿಗೆ ಕರಗುತ್ತದೆ, ಪೆಟ್ರೋಲಿಗೆ ಕರಗುವುದಿಲ್ಲ. ಲಾರಿ ಚಾಲಕರು ದಾರಿಯಲ್ಲಿ ಟ್ಯಾಂಕ್ ಸೋರಿದರೆ ಸಾಬೂನನ್ನು ಮಿದ್ದು ಮೆತ್ತಿ ಊರು ಮುಟ್ಟುತ್ತಾರೆ. ಅಪ್ಪನೂ ಒಮ್ಮೆ ಮುಳಗುಂದದ ಅಂಗಡಿಯಲ್ಲಿ ಅರ್ಧ ಬಾರ್ ಸಾಬೂನು ಕೊಂಡು ಹೀಗೆಯೇ ಮನೆಗೆ ಬಂದಿದ್ದರಂತೆ. ಆ ಸಾಬೂನಿನ ಪದರ ಇನ್ನೂ ಅಲ್ಲಿಯೇ ಇತ್ತೋ ಏನೋ!

ಕಾಕ್ ಕೈಗೆ ಬಂತು. ಹೆಬ್ಬೆರಳಿನ ಉದ್ದದ, ಸತುವಿನ ಮಿಶ್ರಲೋಹದ ಎರಕ. ಮೇಲೆ ಎರಡು ದಾರಿ: ಎತ್ತರದ ಕೊಳವೆ ಮಾಮೂಲಿಗೆ, ತಗ್ಗಿನದು ರಿಸರ್ವ್‌ಗೆ. ಟ್ಯಾಂಕಿನಲ್ಲಿ ಬೇರೆ ರಿಸರ್ವ್ ಖಾನೆ ಎಂಬುದು ಇರುವುದಿಲ್ಲ. ಪೆಟ್ರೋಲ್ ಮಟ್ಟ ಎತ್ತರದ ಕೊಳವೆಯ ತುದಿಗಿಂತ ಕೆಳಗಿಳಿದಾಗ ‘ರಿಸರ್ವ್‌ಗೆ ಬಿತ್ತು’ ಎನ್ನುತ್ತೇವೆ, ಅಷ್ಟೇ. ತಳದ ನೀರು, ತುಕ್ಕು, ದೂಳು ಎಲ್ಲವೂ ಆ ತಗ್ಗಿನ ದಾರಿಯ ಪಾಲು. ಅದರ ಜಾಲರಿಯ ಮೇಲೆ ನುಣ್ಣನೆಯ ಕೆಂಪು ಕೆಸರು ಕುಂಕುಮದ ಹಾಗೆ ಕೂತಿತ್ತು.

ಹಿಡಿಯ ಮುಂದಿನ ತಗಡನ್ನು ಎರಡು ಸಣ್ಣ ಸ್ಕ್ರೂಗಳು ಹಿಡಿದಿದ್ದವು. ಅದನ್ನು ತೆಗೆದರೆ ಅಲೆಯಂತೆ ಬಾಗಿದ ಒಂದು ಸ್ಪ್ರಿಂಗ್ ವಾಷರ್, ಅದರ ಹಿಂದೆ ಹಿಡಿ, ಹಿಡಿಯ ಹಿಂದೆ ತೂತುಗಳಿರುವ ಕಪ್ಪು ರಬ್ಬರ್ ಬಿಲ್ಲೆ. ಹಿಡಿಯ ಬೆನ್ನಿನಲ್ಲಿರುವ ಕಾಲುವೆ ರಬ್ಬರಿನ ಒಂದು ತೂತನ್ನು ಇನ್ನೊಂದಕ್ಕೆ ಜೋಡಿಸಿದರೆ ಪೆಟ್ರೋಲ್ ಹರಿಯುತ್ತದೆ, ತಪ್ಪಿಸಿದರೆ ನಿಲ್ಲುತ್ತದೆ. ತೋಟದಲ್ಲಿ ನೀರು ಕಟ್ಟುವವರು ಸಲಿಕೆಯಿಂದ ಮಣ್ಣು ಎಳೆದು ಒಂದು ಮಡಿಯಿಂದ ಇನ್ನೊಂದಕ್ಕೆ ನೀರು ತಿರುಗಿಸುವುದೂ ಇದೇ. ಆ ಮಣ್ಣಿನ ಕೆಲಸ ಇಲ್ಲಿ ರಬ್ಬರಿನದು. ಅದು ಮೆತ್ತಗಿದ್ದಷ್ಟು ದಿನ ಸ್ಪ್ರಿಂಗ್ ಒತ್ತಿದಲ್ಲೆಲ್ಲ ಅಂಟಿ ಕೂರುತ್ತದೆ. ನಾನು ತೆಗೆದ ಬಿಲ್ಲೆ ಉಗುರಿನಿಂದ ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ. ಮಡಿಸಲು ಹೋದರೆ ಹಪ್ಪಳದಂತೆ ಮುರಿಯಿತು.

ಮೂವತ್ತು ವರ್ಷದ ರಬ್ಬರ್ ಹೇಗೂ ಗಟ್ಟಿಯಾಗುತ್ತದೆ. ಆದರೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್ ಈ ಗಾಡಿ ಹುಟ್ಟಿದಾಗ ಸಿಗುತ್ತಿದ್ದ ಪೆಟ್ರೋಲ್ ಅಲ್ಲ ಎಂಬುದನ್ನೂ ಹೇಳಬೇಕು. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥೆನಾಲ್ ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ, ಒಣಗಿದಾಗ ಕುಗ್ಗಿಸಿ, ಕೆಡಿಸುತ್ತದೆ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ವಾರಗಟ್ಟಲೆ ನಿಲ್ಲುವ ನಮ್ಮಂಥ ಗಾಡಿಗೆ ಇದು ಕೆಟ್ಟದ್ದು. ಹಾಗೆಂದು ನಾನು ಎಥೆನಾಲನ್ನು ಶಪಿಸಲಾರೆ. ಹಾವೇರಿ ಜಿಲ್ಲೆಯಲ್ಲಿರುವ ನನ್ನ ಸೋದರಮಾವ ಬೆಳೆಯುವುದು ಗೋವಿನಜೋಳ. ಕಬ್ಬಿನಂತೆ ಅದರಿಂದಲೂ ಎಥೆನಾಲ್ ತೆಗೆಯುತ್ತಾರೆ. ಬೆಲೆ ಬಂದ ವರ್ಷ ಅವರ ಮುಖ ನೋಡಿದ್ದೇನೆ. ಹಳೆಯ ಗಾಡಿ ಇಟ್ಟುಕೊಂಡವರು ಅದರ ರಬ್ಬರುಗಳನ್ನು ಬದಲಿಸುವ ಹೊಣೆಯನ್ನೂ ಇಟ್ಟುಕೊಳ್ಳಬೇಕು.

ಆ ವಾರ ಹುಬ್ಬಳ್ಳಿಯಲ್ಲಿ ಬಿಡಿಭಾಗದ ಅಂಗಡಿಯಿಂದ ಕಾಕ್ ರಿಪೇರಿ ಕಿಟ್ ಒಂದನ್ನು ತಂದೆ. ಹೊಸ ಕಾಕ್ ಪೂರ್ತಿಯಾಗಿಯೂ ಸಿಗುತ್ತಿತ್ತು, ಆದರೆ ಅದರ ಎರಕ ಒರಟು, ಹಿಡಿ ತಿರುಗಿಸಿದರೆ ಮರಳು ಸಿಕ್ಕ ಹಾಗೆ ಕರಕರ. ಹಳೆಯದರ ಮೈ ಚೆನ್ನಾಗಿಯೇ ಇತ್ತು. ಮುಂದಿನ ಭಾನುವಾರ ಹೊಸ ಬಿಲ್ಲೆ, ಕಾಕ್ ಮತ್ತು ಟ್ಯಾಂಕ್ ಕೂಡುವಲ್ಲಿ ಕೂರುವ ಹೊಸ ಓರಿಂಗ್ (ರಬ್ಬರ್ ಉಂಗುರ) ಹಾಕಿ, ಟ್ಯಾಂಕನ್ನು ಪೆಟ್ರೋಲಿನಿಂದಲೇ ಎರಡು ಸಲ ಜಾಲಾಡಿ, ಎಲ್ಲವನ್ನೂ ಜೋಡಿಸಿದೆ. ಕೆಳಗೆ ದಿನಪತ್ರಿಕೆಯ ಹಾಳೆ ಹಾಸಿ ಮಲಗಿದೆವು. ಬೆಳಿಗ್ಗೆ ಹಾಳೆಯ ನಡುವೆ ರೂಪಾಯಿ ಅಗಲದ ಒದ್ದೆ ಇತ್ತು.

ನನ್ನ ಕೈ ತಾನಾಗಿಯೇ ಸ್ಕ್ರೂಡ್ರೈವರಿನ ಕಡೆ ಹೋಯಿತು. ಕಾಲು ಸುತ್ತು ಬಿಗಿದರೆ ನಿಂತೀತು ಎನ್ನಿಸಿತು. ‘ಬಿಗಿಯಬೇಡವ್ವಾ’ ಎಂದರು ಅಪ್ಪ. ‘ಎಲ್ಲರೂ ಅದನ್ನೇ ಮಾಡಿ ಆಯಿತಲ್ಲ.’

ಮತ್ತೆ ಟ್ಯಾಂಕ್ ಇಳಿಸಿ, ಕಾಕ್ ಬಿಚ್ಚಿ, ಅದರ ಚಪ್ಪಟೆ ಮುಖಕ್ಕೆ ಉಕ್ಕಿನ ಅಳತೆಪಟ್ಟಿಯನ್ನು ಅಡ್ಡ ಹಿಡಿದು ಸೂರ್ಯನ ಕಡೆ ಎತ್ತಿ ನೋಡಿದೆ. ಪಟ್ಟಿಯ ಎರಡು ತುದಿ ಕೂತಿದ್ದವು. ನಡುವೆ ಬೆಳಕಿನ ಒಂದು ಎಳೆ! ಮುಖ ಬಾಗಿತ್ತು. ಓರಿಂಗ್ ಇರುವುದು ನಡುವೆ, ಸ್ಕ್ರೂಗಳಿರುವುದು ಎರಡು ತುದಿಗೆ. ಗಟ್ಟಿಯಾದ ಓರಿಂಗ್ ಜಗ್ಗಲಿಲ್ಲ. ತುದಿಗಳನ್ನು ಬಿಗಿದಂತೆಲ್ಲ ಅವು ಟ್ಯಾಂಕಿನ ಕಡೆ ಬಾಗಿದವು, ನಡು ಬಿಲ್ಲಿನಂತೆ ಹಿಂದೆ ಉಳಿಯಿತು. ಪ್ರತಿ ಸಲ ಬಿಗಿದಾಗಲೂ ಬಿಲ್ಲು ಇನ್ನಷ್ಟು ಬಾಗುತ್ತಿತ್ತು. ಒಂದು ವಾರ ಒಣಗಿ ಆಮೇಲೆ ಜಾಸ್ತಿ ಸೋರುತ್ತಿದ್ದುದರ ಗುಟ್ಟು ಇದು. ನಿಜವಾಗಿ ತಡೆಯುವುದು ನಡುವಿನ ಆ ಮೆತ್ತನೆಯ ಉಂಗುರ. ಸ್ಕ್ರೂವಿನ ಕೆಲಸ ಅದನ್ನು ಹದವಾಗಿ ಒತ್ತಿ ಹಿಡಿಯುವುದು ಮಾತ್ರ.

ಹಳೆಯ ಕನ್ನಡಿಯ ದಪ್ಪ ಗಾಜನ್ನು ಕಟ್ಟೆಯ ಮೇಲಿಟ್ಟು, ಅದರ ಮೇಲೆ 400 ನಂಬರಿನ ಎಮರಿ ಪೇಪರ್ ಹಾಸಿ, ನೀರು ಚಿಮುಕಿಸಿ, ಕಾಕ್‌ನ ಮುಖವನ್ನು ಎಂಟರ ಅಂಕಿ ಬರೆದಂತೆ ಉಜ್ಜತೊಡಗಿದೆ. ಐದು ನಿಮಿಷಕ್ಕೆ ತಿರುಗಿಸಿ ನೋಡಿದರೆ ತುದಿಗಳೆರಡೂ ಬೆಳ್ಳಿಯಂತೆ ಹೊಳೆಯುತ್ತಿದ್ದವು, ನಡು ಕಪ್ಪಾಗಿಯೇ ಇತ್ತು. ಉಜ್ಜಿದಂತೆ ಎರಡೂ ಕಡೆಯಿಂದ ಹೊಳಪು ಒಳಗೊಳಗೆ ಬಂತು. ಕಪ್ಪು ಜಾಗ ಬಾದಾಮಿಯಷ್ಟಾಯಿತು, ಎಳ್ಳಿನಷ್ಟಾಯಿತು. ಮಧ್ಯೆ ಅಪ್ಪ ಕೈಚಾಚಿ ತಾವೂ ಸ್ವಲ್ಪ ಹೊತ್ತು ಉಜ್ಜಿದರು. ಬೆರಳುಗಳು ನಡುಗುತ್ತಿದ್ದವು, ಆದರೆ ಎಂಟರ ಅಂಕಿ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಬೋರ್ಡಿನ ಮೇಲೆ ಎಷ್ಟು ಸಾವಿರ ಸಲ ಬರೆದ ಅಂಕಿ ಅದು. ಒಂದು ಗಂಟೆಯ ಹೊತ್ತಿಗೆ ಮುಖವೆಲ್ಲ ಒಂದೇ ಬಣ್ಣಕ್ಕೆ ಬಂತು. ಅಳತೆಪಟ್ಟಿಯ ಕೆಳಗೆ ಬೆಳಕು ಕಾಣಲಿಲ್ಲ.

ಕಿಟ್‌ನಲ್ಲಿ ಬಂದ ಓರಿಂಗ್ ಕೂಡ ನನಗೆ ಸಮಾಧಾನ ತಂದಿರಲಿಲ್ಲ. ಟ್ಯಾಂಕನ್ನು ಖಾಲಿಯಾಗಿಯೇ ಬಿಟ್ಟು ಹುಬ್ಬಳ್ಳಿಗೆ ಹೋಗಿ, ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಹತ್ತಿರ ಯಂತ್ರಗಳ ಸೀಲ್ ಮಾರುವ ಒಂದು ಅಂಗಡಿಗೆ ಹೋದೆ. ‘ಯಾವ ಮಶಿನ್‌ಗೆ ಬೇಕು ಅಕ್ಕಾ?’ ಎಂದ ಹುಡುಗನಿಗೆ ಹೇಳಿದೆ. ಅವನು ಹಳೆಯ ಓರಿಂಗನ್ನು ವರ್ನಿಯರ್ ಎಂಬ ಅಳತೆಯ ಸಾಧನದಲ್ಲಿ ಹಿಡಿಯದೆ, ಕಾಕ್‌ನಲ್ಲಿ ಅದು ಕೂರುವ ತೋಡನ್ನೇ ಅಳೆದ. ‘ಹಳೆಯದು ಒತ್ತಿಕೊಂಡು ಅಳತೆ ಸುಳ್ಳು ಹೇಳುತ್ತದೆ’ ಎಂದ. ಎಥೆನಾಲ್ ತಡೆಯುವ ವೈಟಾನ್ ರಬ್ಬರಿನ ಓರಿಂಗ್ ಎರಡು, ಸ್ಕ್ರೂಗಳಿಗೆ ನೈಲಾನ್ ವಾಷರ್ ನಾಲ್ಕು ಕೊಟ್ಟ. ಕೈಯಲ್ಲಿ ಕಸುಬಿರುವ ಹುಡುಗ. ಅವನ ಆ ಒಂದು ಮಾತು ನನಗೆ ಕಿಟ್‌ಗಿಂತ ಹೆಚ್ಚು ಬೆಲೆಯದ್ದಾಗಿತ್ತು.

ಮೂರನೆಯ ಭಾನುವಾರ ಮತ್ತೆ ಜೋಡಿಸಿದೆ. ಹೊಸ ಸ್ಕ್ರೂಗಳನ್ನು ಗಿಡ್ಡನೆಯ ಸ್ಕ್ರೂಡ್ರೈವರಿನಿಂದ, ಅದೂ ಮೂರು ಬೆರಳಿನ ಬಲದಿಂದ, ಒಂದರ ನಂತರ ಒಂದನ್ನು ಅರ್ಧರ್ಧ ಸುತ್ತು ತಿರುಗಿಸುತ್ತ ಹೋದೆ. ಓರಿಂಗ್ ಒತ್ತಿಕೊಂಡು ಮುಖ ಟ್ಯಾಂಕಿಗೆ ಕೂತದ್ದು ಬೆರಳಿಗೆ ತಿಳಿಯಿತು. ಅಲ್ಲಿಗೆ ನಿಲ್ಲಿಸಿದೆ. ಒಂದು ಲೀಟರ್ ಪೆಟ್ರೋಲ್ ಹಾಕಿ ಸೀಮೆಸುಣ್ಣ ಹಚ್ಚಿದೆ. ಊಟ ಮಾಡಿ ಬಂದು ನೋಡಿದೆವು, ಬಿಳಿ. ಸಂಜೆಯವರೆಗೆ ಬಿಳಿ. ಪೈಪಿನ ತುದಿ ಬಿಡಿಸಿ ಕಾಕ್ ಮುಚ್ಚಿ ಅದರ ಕೆಳಗೆ ಔಷಧಿಯ ಮುಚ್ಚಳವನ್ನೂ ಇಟ್ಟಿದ್ದೆ. ಅದು ಒಣಗಿತ್ತು. ಅವ್ವ ಬಂದು ಬಗ್ಗಿ, ಮುಚ್ಚಳವನ್ನು ಮೂಗಿಗೆ ಹಿಡಿದು ನೋಡಿ, ಏನೂ ಹೇಳದೆ ಒಳಗೆ ಹೋದಳು. ಆ ಸಂಜೆಯೂ ದೀಪ ಇಡಲಿಲ್ಲ. ಇನ್ನೂ ಒಂದು ರಾತ್ರಿ ನೋಡೋಣ ಎಂಬುದು ಅವಳ ತೀರ್ಮಾನ. ಅದು ಸರಿಯಾಗಿಯೇ ಇತ್ತು.

ಪತ್ರಿಕೆಯ ಹಾಳೆ ಬೆಳಿಗ್ಗೆ ಒಣಗಿತ್ತು. ಸೋಮವಾರ ರಜೆ ಹಾಕಿದ್ದೆ. ಕಿಕ್ ಹೊಡೆದು, ಭೀಷ್ಮ ಕೆರೆಯವರೆಗೆ ಒಂದು ಸುತ್ತು ಹೋಗಿ ತಿರುಗಿದೆ. ಹಿಟ್ಟಿನ ಗಿರಣಿಯ ತಿರುವಿನಲ್ಲಿ ಎಡಗೈ ಇಳಿಸಿ ಹಿಡಿ ಹುಡುಕಿದೆ. ಹೊಸ ರಬ್ಬರಿನ ಮೇಲೆ ಅದು ಸ್ವಲ್ಪ ಬಿಗಿಯಾಗಿ, ತುಂಬು ಹಿಡಿತದಿಂದ ತಿರುಗಿತು. ಮುಚ್ಚಿದೆ. ನಮ್ಮ ಓಣಿ ಹೊಕ್ಕಾಗ ಇನ್ನೂ ಓಡುತ್ತಿತ್ತು, ಎದೆ ಸ್ವಲ್ಪ ಹಾರಿತು. ಮನೆ ಇನ್ನು ನಾಲ್ಕು ಬಾಗಿಲು ಇದೆ ಎನ್ನುವಾಗ ಎಂಜಿನ್ನಿನ ದನಿ ಏರಿತು. ಅದೇ ದನಿ. ಪಾಟಿ ಬಿಟ್ಟು ಓಡುತ್ತಿದ್ದ ದನಿ. ಆಮೇಲೆ ಸುಮ್ಮನಾಯಿತು. ಉಳಿದ ನಾಲ್ಕು ಬಾಗಿಲಿನಷ್ಟು ದಾರಿ ಗಾಡಿ ಸದ್ದಿಲ್ಲದೆ ಉರುಳಿ ಬಂತು.

ಅಪ್ಪ ಬಾಗಿಲಿಗೆ ಬಂದು ನಿಂತಿದ್ದರು. ಕಟ್ಟೆ ಇಳಿಯಲು ಕಷ್ಟವಾದರೂ ಇಳಿದು, ಟ್ಯಾಂಕಿನ ಮೇಲೆ ಕೈಯಿಟ್ಟರು.

‘ಗಿರಣಿಯ ತಿರುವಿನಲ್ಲಿ ಮುಚ್ಚಿದೆಯಾ?’

‘ಹೌದಪ್ಪಾ.’

‘ಮೂಲೆಯ ಬೇವಿನಮರ ದಾಟಿದ ಮೇಲೆ ಮುಚ್ಚು. ಬಾಗಿಲಿಗೇ ಬರುತ್ತದೆ.’